ಮೊದಲ ಬಣ್ಣ ಹಚ್ಚಿದ ಕೈ

ನಮ್ಮ ಕ್ರೈಸ್ತ ಸಭೆಗೆ ಎಪ್ಪತ್ತೈದು ವರ್ಷ ತುಂಬಿತೆಂದು ಸ್ಮರಣ ಸಂಚಿಕೆ ತರುತ್ತಾರಂತೆ. ಸಮಿತಿಯವರು ಮನೆಗೆ ಬಂದು, "ಕರುಣಮ್ಮಾರ, ನಿಮ್ಮ ಚಿಗಪ್ಪ ದುರುಗಪ್ಪನೋರ ಬಗ್ಗೆ ಒಂದು ಪುಟ ಬರಕೊಡ್ರಿ. ಎಂಥಾ ಕಲಾವಿದ್ರು!" ಅಂದರು. ಮಂಡಕ್ಕಿ ತಿಂದು, ಚಹಾ ಕುಡಿದು, ಹೊಸ್ತಿಲು ದಾಟುವಾಗ "ಒಳ್ಳೇದಷ್ಟೇ ಬರೀರಿ ಮತ್ತ" ಎಂದು ಇನ್ನೊಂದು ಮಾತು ಸೇರಿಸಿದರು. ಆ ಮಾತಿಗೇ ನನಗೆ ಸಿಟ್ಟು ಬಂದದ್ದು. ಒಳ್ಳೆಯದಷ್ಟೇ ಬರೆಯಲು ನಾನೇನು ಸನ್ಮಾನ ಪತ್ರ ಬರೆಯುವವಳೇ? ಬರೆದದ್ದು ಇಷ್ಟಾಗಿದೆ. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ಎರಡು ಮೈಲಿ ಒಳಗಿದೆ ನಮ್ಮೂರು. ಊರ ಪಡುವಲಿಗೆ ನಮ್ಮ ಕೇರಿ, ಕೇರಿಯ ತುದಿಗೆ ನಮ್ಮ ದೇವಾಲಯ, ಅದರ ಹಿಂದೆ ಒಂದು ದೊಡ್ಡ ಬೇವಿನ ಮರ. ನನ್ನ ಅಪ್ಪನ ತಮ್ಮ ದುರುಗಪ್ಪ ಹೈಸ್ಕೂಲಿನಲ್ಲಿ ಜವಾನನಾಗಿದ್ದ. ದೀಕ್ಷಾಸ್ನಾನದಲ್ಲಿ ಅವನಿಗೆ ಸಮಾಧಾನಪ್ಪ ಎಂದು ಹೆಸರಿಟ್ಟಿದ್ದರು. ಆದರೆ ಸಮಾಧಾನ ಎಂಬುದು ಅವನಿಗೆ ಸಭೆಯ ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಮಿಕ್ಕೆಲ್ಲ ಕಡೆ ಅವನು ಬಯಲಾಟದ ರಕ್ಕಸ. ಹಲವಾಗಲಿನಿಂದ ಉಜ್ಜಿನಿಯವರೆಗೆ ಯಾವ ಊರಿನಲ್ಲಿ ಆಟ ಕಟ್ಟಿದರೂ ರಕ್ಕಸನ ಪಾತ್ರಕ್ಕೆ ದುರುಗಪ್ಪನೇ ಬೇಕು. ಇಂಗಳೀಕದ ಕೆಂಪು ಬಳಿದುಕೊಂಡು, ಕೋರೆ ಹಲ್ಲು ಕಚ್ಚಿಕೊಂಡು, ಪರದೆಯ ಹಿಂದಿನಿಂದ ಅವನು ಒಮ್ಮೆ ಆರ್ಭಟ ಕೊಟ್ಟನೆಂದರೆ ಕಟ್ಟಿದ ಎತ್ತು ಹಗ್ಗ ಕಿತ್ತುಕೊಳ್ಳುತ್ತಿದ್ದವು. ಬಸುರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ಹೊಗಳಿಕೆ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಮನೆಯಲ್ಲಿ ಮಾತ್ರ ಅವನು ಚಿಗವ್ವ ಗಿಡ್ಡಮ್ಮನಿಗೆ ಹೆದರುತ್ತಿದ್ದ. "ರಂಗದ ಮ್ಯಾಲೆ ಹುಲಿ, ಒಲಿ ಮುಂದ ಇಲಿ" ಎಂದು ಅವಳು ಎಲ್ಲರ ಎದುರಿಗೇ ಅನ್ನುತ್ತಿದ್ದಳು. ಅವನು ನಗುತ್ತಿದ್ದ. ತಪ್ಪು ಮಾಡಿದಾಗ ತಪ್ಪಾಯಿತು ಎನ್ನುವ ಮಾತು ಮಾತ್ರ ಅವನ ಬಾಯಿಂದ ಸುಲಭಕ್ಕೆ ಹೊರಡುತ್ತಿರಲಿಲ್ಲ. ಅವಳ ಸೀರೆ ಒಲೆಗೆ ಬೀಳಿಸಿ ಸುಟ್ಟರೆ ಸಂತೆಯಿಂದ ಹೊಸ ಸೀರೆ ತಂದು ಮಾತಾಡದೆ ಮೂಲೆಯಲ್ಲಿಟ್ಟು ಹೋಗುತ್ತಿದ್ದ. ಈ ಗುಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಂಬತ್ತೆಂಟರಲ್ಲಿ ನಮ್ಮೂರ ಆರೋಗ್ಯ ಉಪಕೇಂದ್ರಕ್ಕೆ ಒಬ್ಬ ನರ್ಸು ಬಂದರು. ಹೆಸರು ರಾಹೇಲಬಾಯಿ ಪೆಣಕರ್. ಮೂಲ ಮುಂಬೈ ಕಡೆ ಕೊಂಕಣ. ಗಂಡ ಹುಬ್ಬಳ್ಳಿಯಲ್ಲಿ ರೈಲ್ವೆಯಲ್ಲಿದ್ದವರು ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಕನ್ನಡದಲ್ಲಿ ಹುಬ್ಬಳ್ಳಿಯೂ ಇತ್ತು, ಮರಾಠಿಯೂ ಇಣುಕುತ್ತಿತ್ತು. ಊರೆಲ್ಲ ಅವರನ್ನು ಸಿಸ್ಟರಮ್ಮ ಅನ್ನುತ್ತಿತ್ತು, ಚಿಗಪ್ಪ ಅಕ್ಕಾರು ಅನ್ನುತ್ತಿದ್ದ. ರಾಹೇಲ ಎಂಬ ಹೆಸರು ಕೇಳಿದ್ದೇ ತಡ, ನಮ್ಮ ಕೇರಿಯವರು ಕುಣಿದುಬಿಟ್ಟರು. ನಮ್ಮೋರು ಬಂದರು, ನಮ್ಮೋರು ಬಂದರು! ಭಾನುವಾರ ಆರಾಧನೆಗೆ ಕರೆಯಲು ಚಿಗಪ್ಪನೇ ಹೋದ, ಅವನ ಹಿಂದೆ ನಾನೂ ಹೋದೆ.

ಸಿಸ್ಟರಮ್ಮ ನಮ್ಮನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ಮುಚ್ಚುಮರೆಯಿಲ್ಲದೆ ಹೇಳಿದರು. "ನಾವು ಯೆಹೂದಿಗಳು ರೀ ದುರುಗಪ್ಪಣ್ಣ. ನಿಮ್ಮ ಯೇಸು ಹುಟ್ಟಿದ್ದು ನಮ್ಮ ಮಂದಿಯೊಳಗ, ಅಂವನ ತಾಯಿ ನಮ್ಮಾಕಿ. ಆದ್ರ ನಾವು ಅಂವನ್ನ ದೇವ್ರು ಅನ್ನೂದಿಲ್ಲ. ನಮ್ಮ ವಾರದ ದಿನ ಶನಿವಾರ."

ಚಿಗಪ್ಪ ಒಂದು ಕ್ಷಣ ತಲೆ ಕೆರೆದುಕೊಂಡ. ಆಮೇಲೆ ನಕ್ಕು, "ಆಗ್ಲಿ ಬಿಡ್ರಿ ಅಕ್ಕಾರ. ಹಂಗಾರ ನೀವು ನಮ್ಮ ಸ್ವಾಮಿ ತವರುಮನಿ ಕಡೆಯೋರಾದ್ರಿ" ಅಂದ. ಸಿಸ್ಟರಮ್ಮನೂ ನಕ್ಕರು. ಎಷ್ಟು ಚಂದದ ಮಾತು ಅದು! ಆ ಮಾತನ್ನು ಅವನು ಮರೆಯದೆ ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ.

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಸಿಸ್ಟರಮ್ಮನ ಕಿಟಕಿಯಲ್ಲಿ ಎರಡು ದೀಪ ಹತ್ತುತ್ತಿದ್ದವು. ಶನಿವಾರ ಒಲೆ ಹಚ್ಚುತ್ತಿರಲಿಲ್ಲ, ನಿನ್ನೆಯ ಅಡುಗೆಯನ್ನೇ ಉಣ್ಣುತ್ತಿದ್ದರು. ಆದರೆ ಹೆರಿಗೆ ಎಂದು ಯಾರಾದರೂ ಬಾಗಿಲು ಬಡಿದರೆ ಶನಿವಾರವೂ ಇಲ್ಲ, ಮಳೆಯೂ ಇಲ್ಲ. ಚೀಲ ಹೆಗಲಿಗೆ ಹಾಕಿ ಎದ್ದೇಬಿಡುತ್ತಿದ್ದರು. ಒಂಬತ್ತು ವರ್ಷದಲ್ಲಿ ನಮ್ಮ ಕೇರಿಯೊಂದರಲ್ಲೇ ಎಷ್ಟು ಕೂಸು ಆ ಕೈಯಿಂದ ಭೂಮಿಗೆ ಬಿದ್ದವೋ! ನನ್ನ ಅಣ್ಣನ ಮಗಳು ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಯಾಗಿ ಹುಟ್ಟಿದಾಗ, ಬಾಯಿಗೆ ಬಾಯಿಟ್ಟು ಉಸಿರೂದಿ ಬದುಕಿಸಿದವರು ಅವರೇ.

ಚಿಗಪ್ಪನಿಗೂ ಅವರಿಗೂ ಸ್ನೇಹ ಬೆಳೆದದ್ದು ಹಾಡಿನಿಂದ. ಸಿಸ್ಟರಮ್ಮನ ಅಜ್ಜ ಕೊಂಕಣದಲ್ಲಿ ಮರಾಠಿ ಕೀರ್ತನೆ ಮಾಡುತ್ತಿದ್ದವರಂತೆ. ಯೋಸೇಫನನ್ನು ಅಣ್ಣಂದಿರೇ ಬಾವಿಗೆ ತಳ್ಳಿ ಮಾರಿದ ಕಥೆಯನ್ನು ಸಿಸ್ಟರಮ್ಮ ತಾಳ ಹಾಕುತ್ತ ಹಾಡಿದರೆ, ಭಾಷೆ ಬಾರದ ನನ್ನ ಅವ್ವನೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಿಗಪ್ಪ ಅದನ್ನೇ ಬಯಲಾಟ ಮಾಡಿದ. ತೊಂಬತ್ತಮೂರರ ಕ್ರಿಸ್‌ಮಸ್ಸಿಗೆ ಆಡಿದಾಗ ಅರಸೀಕೆರೆಯಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಹಾರ್ಮೋನಿಯಂ ನುಡಿಸಿದವನು ಜಂಬಯ್ಯ. ಅವನು ನಮ್ಮ ಸಭೆಯವನಲ್ಲ, ಮೇಲಿನ ಓಣಿಯ ಶಿವಭಕ್ತ. ಚಿಗಪ್ಪನಿಗೆ ಬಾಲ್ಯದ ಗೆಳೆಯ.

ನಮ್ಮ ಮೇಳದಲ್ಲಿ ಒಂದು ಪದ್ಧತಿಯಿತ್ತು. ಮುಖ್ಯ ವೇಷಧಾರಿಯ ಹಣೆಗೆ ಮೊದಲ ಬಣ್ಣವನ್ನು ಮೇಳದವರು ಹಚ್ಚುವಂತಿಲ್ಲ. ಊರಿನಲ್ಲಿ ಹತ್ತು ಜನಕ್ಕೆ ಒಳ್ಳೆಯದು ಮಾಡಿದ ಕೈ ಒಂದು ಬೊಟ್ಟು ಇಡಬೇಕು. ಆಮೇಲೆಯೇ ವೇಷ. ಚಿಗಪ್ಪನ ಗುರುಗಳ ಕಾಲದಿಂದ ಬಂದದ್ದು ಅದು. ಯೋಸೇಫನ ಆಟದಿಂದ ಮುಂದೆ ಚಿಗಪ್ಪನ ಹಣೆಗೆ ಮೊದಲ ಬಣ್ಣ ಇಟ್ಟ ಕೈ ಸಿಸ್ಟರಮ್ಮನದೇ. ಹೈಸ್ಕೂಲಿನಿಂದ ಒಂದು ಮಡಚುವ ಕಬ್ಬಿಣದ ಕುರ್ಚಿ ತಂದು ಮುಂದಿನ ಸಾಲಿನ ನಡುವೆ ಹಾಕುತ್ತಿದ್ದರು. ಅದು ಅವರ ಕುರ್ಚಿ. ಪಾದ್ರಿಗಳಿಗೂ ಚಾಪೆಯೇ.

ತೊಂಬತ್ತಾರರಲ್ಲಿ ಚಿಗಪ್ಪನಿಗೆ ಯೇಸುಸ್ವಾಮಿಯ ಮರಣವನ್ನೇ ಬಯಲಾಟ ಮಾಡುವ ಹುಚ್ಚು ಹತ್ತಿತು. ಶುಭ ಶುಕ್ರವಾರ ಮೂರು ತಾಸಿನ ಆರಾಧನೆ ಮುಗಿದ ಮೇಲೆ, ಬೇವಿನ ಮರದ ಕೆಳಗೆ, ಹಗಲಿನಲ್ಲೇ ಆಡಬೇಕು, ಹೊತ್ತು ಮುಳುಗುವ ಮುಂಚೆ ಮುಗಿಸಬೇಕು ಎಂದು ಪಾದ್ರಿಗಳು ಒಪ್ಪಿಗೆ ಕೊಟ್ಟರು. ಚಿಗಪ್ಪ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ನನಗಾಗ ಇಪ್ಪತ್ತೆರಡು. ಟಿ.ಸಿ.ಎಚ್. ಮುಗಿಸಿ ಮನೆಯಲ್ಲಿದ್ದೆ. ಅಕ್ಷರ ದುಂಡಗೆ ಎಂದು ಹೆಮ್ಮೆ ಬೇರೆ.

ಬಯಲಾಟವೆಂದರೆ ಒಂದು ಕಡೆ ದೇವರು, ಇನ್ನೊಂದು ಕಡೆ ರಕ್ಕಸ. ನಲವತ್ತು ವರ್ಷ ಚಿಗಪ್ಪ ಆಡಿದ್ದು ಅದನ್ನೇ. ರಕ್ಕಸನಿಲ್ಲದೆ ಆಟ ಕಟ್ಟುವುದು ಅವನಿಗೆ ಗೊತ್ತೇ ಇರಲಿಲ್ಲ. ಸ್ವಾಮಿಗೂ ಶಿಷ್ಯರಿಗೂ ಬಿಳಿ ಅಂಗಿ, ಸೌಮ್ಯ ಮುಖ. ಮಹಾಯಾಜಕ ಕಾಯಫನಿಗೂ ಅವನ ಕಡೆಯ ಯೆಹೂದಿಗಳಿಗೂ ಕೆಂಪು ಮುಖ, ಕೋರೆ ಹಲ್ಲು, ಆರ್ಭಟ. ಕಾಯಫ ಸ್ವತಃ ಚಿಗಪ್ಪ. ಶಿಲುಬೆಗೆ ಹಾಕಿಸಿದ ರೋಮಿನ ಅಧಿಪತಿಗೆ ಮಾತ್ರ ರಾಜನ ವೇಷ, ಯಾಕೆಂದರೆ ನಮ್ಮಲ್ಲಿ ಒಂದು ಹಳೆಯ ರಾಜನ ಕಿರೀಟ ಖಾಲಿ ಬಿದ್ದಿತ್ತು. ಹೀಗೆ ನಡೆಯಿತು ನಮ್ಮ ನ್ಯಾಯ.

ತಾಲೀಮಿನಲ್ಲಿ ಜಂಬಯ್ಯ ಹಾರ್ಮೋನಿಯಂ ನಿಲ್ಲಿಸಿ ಕೇಳಿದ. "ಅಲ್ಲಲೇ ದುರುಗ, ನಿಮ್ಮ ಏಸಪ್ಪನೂ ಅದೇ ಕುಲದಾಗ ಹುಟ್ಯಾನ ಅಂತೀ. ಅವನ ಶಿಷ್ಯರೂ ಅದೇ ಕುಲದೋರು ಅಂತೀ. ಮತ್ತ ಅವ್ರಿಗೆ ಬಿಳಿ ಅಂಗಿ, ಇವ್ರಿಗೆ ಕ್ವಾರಿ ಹಲ್ಲು ಯಾಕಲೇ?"

"ನಿನಗೇನ್ ಗೊತ್ತಲೇ ನಮ್ಮ ಧರ್ಮ? ಬಾರಿಸು ಸುಮ್ನ" ಅಂದ ಚಿಗಪ್ಪ.

"ಧರ್ಮ ಗೊತ್ತಿಲ್ಲಪ್ಪ. ಸಿಸ್ಟರಮ್ಮಾರು ಮುಂದ ಕುಂತಿರ್ತಾರ, ಅದಕ್ಕ ಕೇಳಿದೆ."

"ಲೇ, ಅಕ್ಕಾರು ನಮ್ಮೋರಲೇ. ಆಟ ಬ್ಯಾರಿ, ಮನಿ ಬ್ಯಾರಿ. ಅವ್ರಿಗೆ ತಿಳೀತತಿ."

ಜಂಬಯ್ಯ ಭುಜ ಹಾರಿಸಿ ಬಾರಿಸತೊಡಗಿದ. ನಾನೂ ಅಲ್ಲೇ ಕೂತಿದ್ದೆ. ಜಂಬಯ್ಯ ಹೇಳಿದ್ದು ಸರಿ ಎಂದು ನನಗೆ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಇನ್ನೂ ಕೆಟ್ಟದ್ದು ಮಾಡಿದೆ. ಹಿಮ್ಮೇಳದ ಹಾಡಿಗೆ ಚಿಗಪ್ಪ ಎರಡು ಸಾಲು ಕಟ್ಟಿದ್ದ.

ಕೊಂದಾರೋ ಕೊಂದಾರೋ ದೇವರ ಕೊಂದಾರೋ
ಯೆಹೂದಿ ಕುಲದೋರು ಸ್ವಾಮಿಯ ಕೊಂದಾರೋ

ತಾಳಕ್ಕೆ ಇನ್ನೊಂದು ಸಾಲು ಬೇಕಾಗಿತ್ತು. "ಏನರ ಹಾಕ್ಲೇ ಕರುಣಿ, ನೀ ಓದಿದಾಕಿ" ಅಂದ. ನಾನು ಪೆನ್ಸಿಲ್ಲು ಕಚ್ಚಿ ಯೋಚಿಸಿ, "ಮಕ್ಕಳ ಮಕ್ಕಳಿಗೂ ತಪ್ಪದು ಶಾಪವೋ" ಎಂದು ಬರೆದೆ. ಚಿಗಪ್ಪ ತೊಡೆ ತಟ್ಟಿ, "ಭಲೇ ಮಗಳ!" ಅಂದ. ನನಗೆ ಆನೆಯ ಮೇಲೆ ಕೂತಷ್ಟು ಖುಷಿಯಾಯಿತು. ಆ ಸಾಲು ನನ್ನದು. ಚಿಗಪ್ಪನ ಲೆಕ್ಕಕ್ಕೆ ಅದನ್ನು ಯಾರೂ ಬರೆಯಬೇಡಿ.

ಶುಭ ಶುಕ್ರವಾರದ ಆ ವಾರ ಸಿಸ್ಟರಮ್ಮನಿಗೂ ಹಬ್ಬ. ಅವರ ಹಿರಿಯರು ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಹಬ್ಬ. ಶುಕ್ರವಾರ ಬೆಳಿಗ್ಗೆ ಹುಳಿ ಸೇರಿಸದ ತೆಳು ರೊಟ್ಟಿಯನ್ನೂ ಒಂದು ಬಟ್ಟಲು ಖರ್ಜೂರದ ಪಾಕವನ್ನೂ ನಮ್ಮ ಮನೆಗೆ ತಂದುಕೊಟ್ಟರು. ಮಧ್ಯಾಹ್ನ ಮೂರೂವರೆಗೆ ದೇವಾಲಯದ ಹಿಂದೆ ಬಂದರು. ಚಿಗಪ್ಪ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಸಿಸ್ಟರಮ್ಮ ಉಂಗುರಬೆರಳಿನಿಂದ ಇಂಗಳೀಕ ತೆಗೆದು ಅವನ ಹಣೆಯ ನಡುವೆ ಇಟ್ಟರು. "ಈ ಸಲ ಯಾವ ರಕ್ಕಸ ದುರುಗಪ್ಪಣ್ಣ?" ಎಂದು ನಗುತ್ತ ಕೇಳಿದರು.

"ನೀವ ನೋಡ್ತೀರಲ್ರಿ ಅಕ್ಕಾರ" ಅಂದ ಚಿಗಪ್ಪ.

ಬಿಸಿಲು ಇಳಿದಿರಲಿಲ್ಲ. ನೆರಳಿಗೆ ನೆರಳು ತಾಗುವಂತೆ ಜನ ಕೂತಿದ್ದರು, ನಮ್ಮವರಿಗಿಂತ ಊರವರೇ ಹೆಚ್ಚು. ಪರದೆ ಸರಿಯಿತು. ವೇಷಗಳನ್ನು ಮಾತಾಡಿಸುವ ಸಾರಥಿ ಬಂದು ಪದ್ಧತಿಯಂತೆ, "ಭಲೇ! ತಾವು ಧಾರು? ತಮ್ಮ ಕುಲವಾವುದು?" ಎಂದು ಕೇಳಿದ. ಚಿಗಪ್ಪ ಆರ್ಭಟ ಕೊಟ್ಟು, ನೆಲ ಗುದ್ದಿ, "ಯೆಹೂದಿ ಕುಲದ ಕಾಯಫನೆಂದು ತಿಳಿಯೋ ಸಾರಥಿ!" ಅಂದ. ಜನ ಹೋ ಎಂದು ಕೂಗಿದರು. ಬೆವರಿಗೆ ಕೆಂಪು ಬಣ್ಣ ಕರಗಿ ಕೊರಳಿಗೆ ಇಳಿಯುತ್ತಿತ್ತು. ಅದು ಆಟಕ್ಕೆ ಇನ್ನೂ ಕಳೆ ಕೊಟ್ಟಿತು. ಕೆಂಪು ಮುಖದವರು ಸ್ವಾಮಿಯ ಮೇಲೆ ಉಗುಳಿದಾಗ ಮುದುಕಿಯರು ಎದ್ದು ಶಾಪ ಹಾಕಿದರು. ಯಾರೋ ಒಂದು ಚಪ್ಪಲಿ ಎಸೆದರು. ನಾವು ಹಿಮ್ಮೇಳದವರು ಗಂಟಲು ಬಿರಿಯುವಂತೆ ಹಾಡಿದೆವು.

ಸಿಸ್ಟರಮ್ಮ ಅಲುಗಾಡದೆ ಕೂತಿದ್ದರು. ಉಂಗುರಬೆರಳಿನ ಬಣ್ಣವನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ಹಾಡು ಮೂರನೆಯ ಸಲ ಬಂದು, "ಮಕ್ಕಳ ಮಕ್ಕಳಿಗೂ" ಎಂದು ನಾವು ಎತ್ತಿದಾಗ ಅವರು ಎದ್ದರು. ಕುರ್ಚಿಯನ್ನು ಮಡಚಿ, ಯಾರ ಕಾಲಿಗೂ ತಾಗದಂತೆ ಮರಕ್ಕೆ ಒರಗಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೋದರು. ಪಕ್ಕದ ಹೆಂಗಸು, "ದೀಪ ಹಚ್ಚಾಕ ಹೊಂಟ್ರು" ಅಂದಳು. ದೀಪಕ್ಕೆ ಇನ್ನೂ ಎರಡು ತಾಸು ಇತ್ತು. ನಾನು ನೋಡಿದೆ, ಹಾಡುತ್ತಲೇ ಇದ್ದೆ. ಚಿಗಪ್ಪನೂ ನೋಡಿದ. ಅವನ ಧ್ವನಿ ಒಂದು ಗಳಿಗೆ ತಪ್ಪಿತು. ಆಮೇಲೆ ಮೊದಲಿಗಿಂತ ಜೋರಾಗಿ ಆರ್ಭಟ ಕೊಟ್ಟ. ನಲವತ್ತು ವರ್ಷ ಅವನು ರಕ್ಕಸನಾಗಿ ಕುಣಿದಿದ್ದ. ರಕ್ಕಸನ ಕುಲದವರು ಎದುರಿಗೆ ಕೂತು ನೋಡಿದ್ದು ಅದೇ ಮೊದಲು.

ಹಾಡು ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಮರುದಿನ ಶನಿವಾರ. ಸಿಸ್ಟರಮ್ಮ ಬಾಗಿಲು ಹಾಕಿಕೊಂಡು ಪ್ರಾರ್ಥನೆಗೆ ಕೂತಿರುವಾಗ ಕೇರಿಯ ಹುಡುಗರ ಹಿಂಡು ಡಬ್ಬ ಬಡಿಯುತ್ತ, ಕೊಂದಾರೋ ಕೊಂದಾರೋ ಎಂದು ಅವರ ಬಾಗಿಲ ಮುಂದೆ ಕುಣಿಯಿತು. ಬಾಗಿಲಿಗೆ ಸಗಣಿ ಬಿತ್ತು. ಮುಂದಿನ ತಿಂಗಳು ನಮ್ಮ ಸಭೆಯವಳೇ ಒಬ್ಬಳು ಚೊಚ್ಚಲ ಬಸುರಿ, "ಆ ಕುಲದ ಕೈ ನನ್ನ ಕೂಸಿಗೆ ತಾಗೋದು ಬ್ಯಾಡ" ಎಂದು ಹರಪನಹಳ್ಳಿಗೆ ಟೆಂಪೋದಲ್ಲಿ ಹೋದಳು. ಥೂ! ಆ ಹೆಂಗಸು ಸ್ವತಃ ಹಸಿದಾಗ ಸಿಸ್ಟರಮ್ಮನ ಮನೆಯಲ್ಲಿ ಉಂಡವಳು. ಅವಳ ಹಿಂದೆ ಇನ್ನಿಬ್ಬರು ಹೋದರು. ಸಿಸ್ಟರಮ್ಮ ಯಾರಿಗೂ ಏನೂ ಅನ್ನಲಿಲ್ಲ. ಚೀಲ ಹಾಕಿಕೊಂಡು ಲಸಿಕೆಗೆ ಮನೆಮನೆಗೆ ಬರುತ್ತಿದ್ದರು, ನಮ್ಮ ಮನೆಗೂ ಬರುತ್ತಿದ್ದರು. ಆದರೆ ಕೂರಿ ಎಂದರೂ ಕೂರುತ್ತಿರಲಿಲ್ಲ.

ಚಿಗಪ್ಪನಿಗೆ ಬೈದವಳು ಚಿಗವ್ವ. ಅವನು ಉಣ್ಣುತ್ತಿದ್ದ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಿನಗ ನೆನಪೈತೋ ಇಲ್ಲೋ? ಸಣ್ಣಾಂವಿದ್ದಾಗ ಹೋಟೆಲ್‌ನಾಗ ನಿಮ್ಮಪ್ಪಗೂ ನಿನಗೂ ಹೊರಗ ಬ್ಯಾರಿ ಲೋಟ ಇಟ್ಟಿದ್ರು. ಯಾಕ ಅಂತ ಕೇಳಿದ್ರ, ಕುಲ ಅಂದ್ರು. ಯಾರೋ ಯಾವ ಕಾಲದಾಗೋ ಏನೋ ಮಾಡಿದ್ರಂತ, ಅದಕ್ಕ ನಿನ್ನ ತುಟಿ ಮೈಲಿಗಿ. ಆ ಕುಲದ ಮಾತು ಬಿಟ್ಟು ಬರಾಕ ಅಲ್ಲೇನು ನಾವು ಈ ಸ್ವಾಮಿ ಹತ್ರ ಬಂದಿದ್ದು? ಈಗ ಅದೇ ಕುಲದ ಮಾತು ತಗಂಡು ಆ ತಾಯಿ ಬಾಗ್ಲಿಗೆ ಬಡದ್ಯಲ್ಲ. ಹೋಗು, ಈಗ ಹೋಗು. ತಪ್ಪಾತು ಅನ್ನು. ಕೈ ತೊಕ್ಕಂಡು ಹೋಗು."

ಚಿಗಪ್ಪ ಕೈ ತೊಳೆದ. ಹೊರಗೆ ಹೋದ. ಉಪಕೇಂದ್ರದ ತಿರುವಿನವರೆಗೆ ಹೋಗಿ, ಬೇವಿನ ಮರದ ಕೆಳಗೆ ಬಂದು ಕೂತ. ಹೊತ್ತು ಇಳಿದ ಮೇಲೆ ಮನೆಗೆ ಬಂದು ನನಗೆ ಹೇಳಿದ. "ಕರುಣಿ, ನೋಟ್‌ಬುಕ್ಕು ತಗೀ. ನಾಕು ಮಂದಿ ಮುಂದ ರಂಗದ ಮ್ಯಾಲೆ ಮಾಡಿದ ತಪ್ಪು, ಮನಿಯೊಳಗ ಹೋಗಿ ಪಿಸುಮಾತಾಗ ತಪ್ಪಾತು ಅಂದ್ರ ತೊಳದು ಹೋಗತೇನು? ರಂಗದ ಮ್ಯಾಲೇ ತೊಳೀಬೇಕು. ಹೊಸಾ ಆಟ ಕಟ್ಟತೀನಿ. ಅಕ್ಕಾರ್ನ ಕರದು ಮತ್ತ ಅದೇ ಕುರ್ಚಿ ಮ್ಯಾಲೆ ಕುಂದ್ರಿಸಿ ಆಡತೀನಿ."

ಕೇಳಲು ದೊಡ್ಡ ಮಾತು. ಸುಟ್ಟ ಸೀರೆಗೆ ಹೊಸ ಸೀರೆ ತಂದು ಮೂಲೆಯಲ್ಲಿಡುವ ಬುದ್ಧಿಯೇ ಇದು ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಅವನ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ.

ಹೊಸ ಆಟವನ್ನು ಅವನು ನಿಜವಾಗಿಯೂ ಚೆನ್ನಾಗಿ ಕಟ್ಟಿದ. ಸುವಾರ್ತೆಯನ್ನು ನನ್ನಿಂದ ಓದಿಸಿ ಓದಿಸಿ ಕೇಳಿದ. ಸ್ವಾಮಿ ಎಂಟನೆಯ ದಿನ ಸುನ್ನತಿ ಮಾಡಿಸಿಕೊಂಡದ್ದು, ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಎದ್ದು ಓದಿದ್ದು, ಎಲ್ಲ ಅದರಲ್ಲಿತ್ತು. ಕೊನೆಯ ಊಟದಲ್ಲಿ ಮುರಿದದ್ದು ಸಿಸ್ಟರಮ್ಮ ತಂದುಕೊಟ್ಟಂಥ ಹುಳಿಯಿಲ್ಲದ ರೊಟ್ಟಿ. ಅದನ್ನು ಕೇಳಿದ ದಿನ ಚಿಗಪ್ಪ, "ಆವತ್ತು ಮುಂಜಾನಿ ಅದೇ ರೊಟ್ಟಿ ತಿಂದೆ, ಸಂಜಿಕಿ ಉಗುಳಿದೆ" ಎಂದ. ಆಮೇಲೆ, "ನಾವು ಬ್ಯಾರೆಯವರ ಬೇರಿಗೆ ಕಟ್ಟಿದ ಕಸಿ ಕಣವ್ವ. ಹಣ್ಣು ಬಿಟ್ಟೀವಿ ಅಂತ ಬೇರು ಕಡಿಯಾಕ ಹೋದ್ವಿ" ಎಂದ. ಪಾದ್ರಿಗಳು ಎಷ್ಟೋ ಭಾನುವಾರ ಹೇಳಿದ್ದರೂ ನನಗೆ ತಲೆಗೆ ಹತ್ತದೆ ಇದ್ದದ್ದು ಅವತ್ತು ಹತ್ತಿತು.

ಆದರೆ ಆಡುವವರು ಯಾರು? ತೊಂಬತ್ತೇಳರ ಶುಭ ಶುಕ್ರವಾರಕ್ಕೆ ಮೇಳ ಕೂಡಲಿಲ್ಲ. ಕೆಂಪು ಮುಖ ಇಲ್ಲ, ಕೋರೆ ಹಲ್ಲು ಇಲ್ಲ, ಕಾಯಫನೂ ಬಿಳಿ ಅಂಗಿ ಹಾಕಬೇಕು ಎಂದರೆ ಹುಡುಗರು ನಕ್ಕುಬಿಟ್ಟರು. "ರಕ್ಕಸ ಇಲ್ದ ಆಟ ಉಪ್ಪಿಲ್ದ ಸಾರು ಇದ್ದಂಗ, ದುರುಗಪ್ಪಣ್ಣ" ಅಂದರು. ಮೇಳ ಕೂಡದೆ ಅವನು ಸಿಸ್ಟರಮ್ಮನ ಮುಖ ನೋಡುವಂತಿಲ್ಲ ಎಂದು ತಾನೇ ಶಪಥ ಹಾಕಿಕೊಂಡಿದ್ದ. ಅವರು ಬರುವ ಓಣಿ ಬಿಟ್ಟು ಸುತ್ತುಹಾಕಿ ಹೈಸ್ಕೂಲಿಗೆ ಹೋಗುತ್ತಿದ್ದ. ಅವನ ಎದೆಯಲ್ಲಿ ದೊಡ್ಡ ಪ್ರಾಯಶ್ಚಿತ್ತ ಬೇಯುತ್ತಿತ್ತು. ಅವರಿಗೆ ಕಂಡದ್ದು ಮಾತ್ರ ಮುಖ ತಿರುಗಿಸಿಕೊಂಡು ಹೋಗುವ ಮನುಷ್ಯ.

ಆ ವರ್ಷದ ಆಗಸ್ಟಿನಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಸೇರಿತು. ನೌಕರರನ್ನು ಎಲ್ಲಿರುತ್ತೀರಿ ಎಂದು ಕೇಳಿದರು. ಸಿಸ್ಟರಮ್ಮ ಬಳ್ಳಾರಿ ಜಿಲ್ಲೆಯೇ ಸಾಕೆಂದು ಬರೆದುಕೊಟ್ಟು, ಕೂಡ್ಲಿಗಿ ಪೇಟೆಗೆ ವರ್ಗ ಮಾಡಿಸಿಕೊಂಡರು. ಟ್ರಂಕು ಕಟ್ಟಲು ನಾನು ಹೋಗಿದ್ದೆ. ದೀಪದ ಕಂಬಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತ ಅವರು ನನ್ನ ಕಡೆ ನೋಡದೆಯೇ ಮಾತಾಡಿದರು.

"ಕರುಣಾ, ನಮ್ಮ ಮಂದಿ ಈ ದೇಶಕ್ಕ ಬಂದು ಎರಡು ಸಾವಿರ ವರ್ಷ ಆತು ಅಂತಾರ. ಹಡಗು ಒಡದು ದಂಡಿಗೆ ಬಂದು ಬಿದ್ದವರು. ಎಣ್ಣಿ ಗಾಣ ಹೊಡದ್ವಿ, ಶನಿವಾರ ಗಾಣ ನಿಲ್ಲಿಸಿದ್ವಿ. ಯಾಕ ಅಂತ ಒಬ್ಬರು ಬೈಲಿಲ್ಲ. ದೂರದ ದೇಶದಾಗ ಇದೇ ಹಾಡು ಹಾಡಿ ಹಾಡಿ ಕಡಿಗೆ ನಮ್ಮವರನ್ನ ಲಕ್ಷಗಟ್ಟಲೆ ಕೊಂದ್ರು ಅಂತ ನಮ್ಮಪ್ಪ ಹೇಳ್ತಿದ್ರು. ನಾ ಅದನ್ನ ಬರೇ ಕೇಳಿದ್ದೆ. ನನ್ನ ಕಿವಿಯಾರೆ ಕೇಳಿದ್ದು ಇದ ಊರಾಗ, ನಾ ಹೆರಿಗಿ ಮಾಡಿಸಿದ ಮಕ್ಕಳ ಬಾಯಾಗ."

ಆ ಹಾಡಿನ ಕೊನೆಯ ಸಾಲು ಬರೆದವಳು ನಾನು ಎಂದು ಅವರ ಕಾಲು ಹಿಡಿದುಕೊಂಡೆ. ಅವರು ನನ್ನನ್ನು ಎಬ್ಬಿಸಿದರು. ತಲೆ ಸವರಿ, "ನೀ ಹೇಳಿದಿ. ಆತು ಬಿಡು. ನಿಮ್ಮ ಚಿಗಪ್ಪ ಒಮ್ಮೆ ಬಾಗಲಿಗೆ ಬಂದು ಅಕ್ಕಾರ ಅಂದಿದ್ರೂ ಸಾಕಾಗಿತ್ತು ನನಗ" ಅಂದರು. ಆಟದ ಮಾತನ್ನು ನಾನು ಹೇಳಿದೆ. ಚಿಗಪ್ಪ ಹೊಸದು ಕಟ್ಟುತ್ತಿದ್ದಾನೆ, ನಿಮ್ಮನ್ನು ಕೂರಿಸಿಯೇ ಆಡುತ್ತಾನಂತೆ ಎಂದೆ. ಅವರು ಟ್ರಂಕಿನ ಮುಚ್ಚಳ ಹಾಕಿ, "ನನಗ ಆಟ ಯಾಕ ಬೇಕಿತ್ತವಾ?" ಅಂದರು.

ಸಿಸ್ಟರಮ್ಮ ಹೊರಟ ಮೇಲೆ ಆ ಮಾತನ್ನು ಹಾಗೇ ಬಂದು ಚಿಗಪ್ಪನಿಗೆ ಒಪ್ಪಿಸಿದೆ. ಅವನು ಓಡುತ್ತ ಅರಸೀಕೆರೆಗೆ ಹೋಗುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ತೊಂಬತ್ತೆಂಟರ ಶುಭ ಶುಕ್ರವಾರ ಅಂತೂ ಹೊಸ ಆಟ ಆಡಿದೆವು. ಹುಡುಗರು ಸಿಗದ ಪಾತ್ರಗಳಿಗೆ ಕೇರಿಯ ಹೆಂಗಸರೇ ನಿಂತರು. ಚಿಗಪ್ಪ ಸಿಸ್ಟರಮ್ಮನಿಗೆ ಕಾಗದ ಹಾಕಿಸಿದ್ದ, ಅವರು ಬರಲಿಲ್ಲ. ಮಡಚುವ ಕುರ್ಚಿ ಮುಂದಿನ ಸಾಲಿನಲ್ಲಿ ಖಾಲಿ ಇತ್ತು. ಬಣ್ಣದ ಬಟ್ಟಲು ಎದುರಿಗಿಟ್ಟುಕೊಂಡು ಚಿಗಪ್ಪ ಕಲ್ಲಿನ ಮೇಲೆ ಕೂತೇ ಇದ್ದ. ಪಾದ್ರಿಗಳು ಬೊಟ್ಟಿಡಲು ಹೋದರೆ ಮುಖ ಪಕ್ಕಕ್ಕೆ ತಿರುಗಿಸಿದ. ಕೊನೆಗೆ ಬರಿಯ ಮುಖದಲ್ಲೇ ರಂಗಕ್ಕೆ ಬಂದ. ನಲವತ್ತು ವರ್ಷದಲ್ಲಿ ಅವನ ಬರಿಯ ಮುಖವನ್ನು ಆಟದಲ್ಲಿ ಯಾರೂ ಕಂಡಿರಲಿಲ್ಲ. ಅದು ಒಬ್ಬ ಮುದುಕನ ಮುಖವಾಗಿತ್ತು.

ಸಾರಥಿ ಒಬ್ಬೊಬ್ಬರನ್ನೇ ಕೇಳಿದ. ತಮ್ಮ ಕುಲವಾವುದು? ಮರಿಯಳು ಹೇಳಿದಳು, ಯೆಹೂದಿ ಕುಲ. ಪೇತ್ರ ಹೇಳಿದ, ಯೆಹೂದಿ ಕುಲ. ಸ್ವಾಮಿ ಹೇಳಿದ, ನನ್ನ ತಾಯಿಯ ಕುಲ. ಕಾಯಫನಾಗಿದ್ದ ಚಿಗಪ್ಪನೂ ಅದನ್ನೇ ಹೇಳಿದ. ಆಟದ ಕೊನೆಗೆ ಸಾರಥಿ, "ಹಾಗಾದರೆ ಸ್ವಾಮಿಯನ್ನು ಕೊಂದವರು ಧಾರು?" ಎಂದಾಗ ಚಿಗಪ್ಪ ವೇಷದ ಅಂಗಿ ಕಳಚಿ, ಬನಿಯನ್ನಿನಲ್ಲಿ ನಿಂತು, "ನಾನು. ಹೈಸ್ಕೂಲ್ ಜವಾನ ದುರುಗಪ್ಪ. ನನ್ನ ಪಾಪ" ಅಂದ. ಜಂಬಯ್ಯ ಹಾರ್ಮೋನಿಯಂ ಮೇಲೆ ತಲೆಯಿಟ್ಟು ಅತ್ತ. ಊರವರು ಅರ್ಧ ಆಟಕ್ಕೇ ಎದ್ದು ಹೋಗಿದ್ದರು. ರಕ್ಕಸನಿರಲಿಲ್ಲವಲ್ಲ.

ಮೇ ತಿಂಗಳಲ್ಲಿ ಅವನನ್ನು ಕೂಡ್ಲಿಗಿಗೆ ಹೊರಡಿಸಿದೆ. ಉಜ್ಜಿನಿ ಮೇಲೆ ಕೊಟ್ಟೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡೇ ಬಸ್ಸಿನ ದೂರ, ಹಳೆಯ ಆಟದಿಂದ ಲೆಕ್ಕ ಹಾಕಿದರೆ ಎರಡು ವರ್ಷ ಹಿಡಿಯಿತು. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಮಾತು ಕಟ್ಟುತ್ತಿದ್ದ. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. "ನೀ ಮುಂದ ಹೋಗವ್ವ. ನಾ ಬಂದೀನಿ ಅನ್ನು. ಅವ್ರು ಬಾ ಅಂದ್ರ ಬರ್ತೀನಿ."

ಸಿಸ್ಟರಮ್ಮನ ಮನೆ ಹತ್ತೇ ನಿಮಿಷದ ದಾರಿ. ಬಾಗಿಲು ತೆಗೆದು ನನ್ನನ್ನು ತಬ್ಬಿಕೊಂಡರು. ಆಟದ ಸುದ್ದಿ ಹೇಳಿದೆ. ಕೇಳಿಸಿಕೊಂಡು, "ಮೊದಲ ಬಣ್ಣ ಯಾರು ಹಚ್ಚಿದ್ರು?" ಅಂದರು.

"ಯಾರೂ ಇಲ್ಲ ಸಿಸ್ಟರಮ್ಮಾರ. ಬಣ್ಣಾನ ಹಚ್ಚಿಕೊಳ್ಳಲಿಲ್ಲ."

ಅವರ ಕಣ್ಣು ತುಂಬಿತು. "ಎಲ್ಲಿ ಅದಾನ ಅಂವಾ?"

"ಬಸ್‌ಸ್ಟ್ಯಾಂಡಿನಾಗ ಕುಂತಾನ."

"ಅಯ್ಯೋ ಹುಚ್ಚಿ, ಬಿಸಿಲಾಗ ಕುಂದ್ರಿಸಿ ಬಂದೀ? ನಡಿ, ನಾನ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ, ಅಡುಗೆ ಅರ್ಧಕ್ಕೇ ಬಿಟ್ಟು ಹೊರಟರು. ಇಬ್ಬರೂ ಓಡುವಂತೆ ನಡೆದೆವು. ಕಲ್ಲುಬೆಂಚು ಖಾಲಿ ಇತ್ತು. ಚಹಾದ ಅಂಗಡಿಯವನು, "ಆ ಮುದಕ ಕೊಟ್ಟೂರು ಬಸ್ ಹತ್ತಿ ಹೋದ್ನಲ್ರಿ, ಈಗಷ್ಟ" ಅಂದ. ಸಿಸ್ಟರಮ್ಮ ಬೆಂಚಿನ ಮೇಲೆ ಅವನು ಕೂತಿದ್ದ ಜಾಗದಲ್ಲೇ ಕೂತು ಉಸಿರು ಸುಧಾರಿಸಿಕೊಂಡರು. ನನ್ನನ್ನು ಬಸ್ಸಿಗೆ ಹತ್ತಿಸಿ, "ಬೈಬ್ಯಾಡ ಅವನಿಗೆ" ಅಂದರು.

ನಾನು ಬೈದೆ. ಬಾಯಿಗೆ ಬಂದಂತೆ ಬೈದೆ. "ಎತ್ತು ಹಗ್ಗ ಹರಕೊಳ್ಳೋ ಹಂಗ ಕೂಗ್ತಿದ್ದ ಗಂಟಲು, ಎರಡು ಮಾತಿಗೆ ಯಾಕ ಏಳಲಿಲ್ಲ?" ಅಂದೆ. ಅವನು ತಲೆ ತಗ್ಗಿಸಿ, "ಬಣ್ಣ ಇಲ್ದ ಮಾತಾಡಾಕ ಬರದಿಲ್ಲವ್ವ ನನಗ" ಅಂದ. ಬರುವ ತಿಂಗಳು, ಬರುವ ವರ್ಷ ಎನ್ನುತ್ತಲೇ ಹೋದ. ಎರಡು ಸಾವಿರದ ಇಸವಿಯಲ್ಲಿ ಸಿಸ್ಟರಮ್ಮ ನಿವೃತ್ತಿಯಾಗಿ ಮುಂಬೈ ಹತ್ತಿರದ ಠಾಣೆ ಊರಿಗೆ, ತಮ್ಮನ ಮನೆಗೆ ಹೋದರು. ಮಾರನೆಯ ವರ್ಷ ಅಲ್ಲೇ ತೀರಿಕೊಂಡರೆಂದು ಅವರ ತಮ್ಮನ ಕಾಗದ ಬಂತು. ಅದನ್ನು ಓದಿ ಹೇಳಿದ ದಿನ ಚಿಗಪ್ಪ ಮೇಳ ಬಿಟ್ಟ.

ಎರಡು ಸಾವಿರದ ನಾಲ್ಕರಲ್ಲಿ ಅವನೂ ಹಾಸಿಗೆ ಹಿಡಿದ. ಒಂದು ಸಂಜೆ ಚಿಗವ್ವ ಗಂಜಿ ಕುಡಿಸಿ ಒಳಗೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡ.

"ಕರುಣಿ, ಆ ಹಾಡು ಇನ್ನೂ ಹಾಡ್ತಾರೇನು ಯಾರಾರ?"

ಹೊಸ ಆಟವನ್ನು ಒಂದು ದಿನ ಆಡಿದ್ದೆವು. ಅದರ ಒಂದು ಸಾಲೂ ಯಾರಿಗೂ ನೆನಪಿರಲಿಲ್ಲ.

"ಇಲ್ಲ ಚಿಗಪ್ಪ. ಯಾವಾಗಲೋ ಮರತಾರ ಎಲ್ಲಾರೂ" ಅಂದೆ.

ಅವನು ತಲೆಯಾಡಿಸಿ ಕಣ್ಣು ಮುಚ್ಚಿದ. ಕಿಟಕಿಯ ಹೊರಗೆ ಕೇರಿಯ ಹುಡುಗಿಯರು ಹಗ್ಗದಾಟ ಆಡುತ್ತಿದ್ದರು. ಹಗ್ಗ ನೆಲಕ್ಕೆ ತಾಗುವ ತಾಳಕ್ಕೆ ಸರಿಯಾಗಿ ಹಾಡುತ್ತಿದ್ದರು, ಮಕ್ಕಳ ಮಕ್ಕಳಿಗೂ ತಪ್ಪದು ಶಾಪವೋ. ಚಿಗಪ್ಪನಿಗೆ ಕಣ್ಣು ಮಂಜಾಗಿತ್ತು, ಕೈಕಾಲು ಸೋತಿದ್ದವು. ಕಿವಿ ಮಾತ್ರ ಕೊನೆಯವರೆಗೂ ಚೆನ್ನಾಗಿ ಕೇಳುತ್ತಿತ್ತು.